ಚೊಲೋ ನೀರಿನ ನಲವತ್ತು ಬಾಟಲಿ

ಹೋದ ವಾರ ಆಲಮೇಲದ ಸಂತೆಗೆ ಹೋಗಿದ್ದೆ. ಪ್ಲಾಸ್ಟಿಕ್ ಸಾಮಾನಿನವನು ಹೊಸ ಬಾಟಲಿಗಳ ಚೀಲವನ್ನು ಬಿಸಿಲಿಗೆ ಬಿಚ್ಚಿಟ್ಟುಕೊಂಡು ಕೂತಿದ್ದ. ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಬದನೆಕಾಯಿ ಚೀಲ ನೆಲಕ್ಕಿಟ್ಟು ಅಲ್ಲೇ ನಿಂತೆ.

"ಏನ್ ಕೊಡ್ಲಿ ಯವ್ವಾ?" ಅಂದ.

"ಏನೂ ಬ್ಯಾಡಪ್ಪ. ಬಾಟ್ಲಿ ಸಹವಾಸ ಒಮ್ಮಿ ಮಾಡಿ ಸಾಕಾಗೇತಿ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಒಂದು ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಆ ವಾಸನೆ ಇತ್ತು. ಯುಗಾದಿಗೆ ಬಂದದ್ದು ಜೂನಿನ ಮಿರಗದ ಮಳೆ ಬರುವವರೆಗೆ ಹೋಗಲಿಲ್ಲ. ತಗಡಿನ ಕೋಣೆಯಲ್ಲಿ ನಲವತ್ತು ಖಾಲಿ ಬಾಟಲಿ ಕಾದು ಕಾದು ನಾರುತ್ತಿದ್ದವು, ಅವು ಹೋದ ಮೇಲೂ ವಾಸನೆ ಉಳಿಯಿತು. ಮೊಮ್ಮಕ್ಕಳು ಮುಟ್ಟಿದರೆ ಅವರಮ್ಮ ಚೀರುತ್ತಿದ್ದಳು. ಮಕ್ಕಳನ್ನು ಎಂದೂ ಬೈಯದವಳು ಬಾಟಲಿಗಾಗಿ ಚೀರುತ್ತಿದ್ದಳು.

ಅವಳೇ ನನ್ನ ಸೊಸೆ ದಾನಮ್ಮ. ಮನಗೂಳಿಯವಳು. ನನ್ನ ಮಗ ಸಂಗಪ್ಪನಿಗೆ ಕೊಟ್ಟಾಗಲೇ ಬಿಎಸ್ಸಿ ಆಗಿತ್ತು. ಎರಡು ಮಕ್ಕಳಾದ ಮೇಲೆ ಮತ್ತೆ ಓದುತ್ತೇನೆಂದು ಎದ್ದಳು. ಪರಿಸರ ಆರೋಗ್ಯದ ಎಂಎಸ್ಸಿಯಂತೆ. ವಿಜಯಪುರಕ್ಕೆ ಹೋಗಿ ಬರಬೇಕು. ಅದೇನು ಓದು ಎಂದು ಕೇಳಿದೆ.

"ನೀರು, ಗಾಳಿ, ಹೊಲಸು, ಇವುಗಳಿಂದ ಮನಷ್ಯಾಗ ಏನೇನ ಜಡ್ಡ ಬರ್ತಾವ ಅಂತ ನೋಡೂದ್ರಿ ಅತ್ತಿ."

"ಅದನ್ನ ನೋಡಾಕ ವಿಜಯಪುರ ಯಾಕ? ನಮ್ಮ ಊರ ಅಗಸಿ ಬಾಗಲ ಮುಂದಿನ ಗಟಾರದ ಕಡೆ ಕುರ್ಚಿ ಹಾಕ್ಕೊಂಡ ಕೂಡು. ಎಲ್ಲಾ ಓದಾಕ ಸಿಗ್ತೇತಿ."

"ಆ ಗಟಾರನೂ ಪುಸ್ತಕದಾಗ ಐತ್ರಿ," ಅಂದಳು. ಬಾಯಿಗೆ ಬಾಯಿ ಕೊಡುವುದರಲ್ಲಿ ಅವಳೂ ಕಡಿಮೆ ಇರಲಿಲ್ಲ.

ಮುಚ್ಚಿಡುವುದಿಲ್ಲ, ಆ ಓದು ನನಗೆ ಬೇಕಿರಲಿಲ್ಲ. ಅವಳು ಬೆಳಗಿನ ಮೊದಲ ಬಸ್ಸಿಗೆ ಹೋದರೆ ರೊಟ್ಟಿ, ದನ, ಮಕ್ಕಳು ಎಲ್ಲ ನನ್ನ ತಲೆಗೆ. ಎರಡು ಮಕ್ಕಳ ತಾಯಿಗೆ ಇನ್ನೆಂಥ ಸಾಲಿ ಎಂದು ಮನೆಯಲ್ಲೂ ಅಂದೆ, ಕಟ್ಟೆಯ ಮೇಲೂ ಅಂದೆ, ನೀರಿಗೆ ಹೋದಲ್ಲೂ ಅಂದೆ. ಓಣಿಯ ನಾಯಿಗೂ ಗೊತ್ತಿತ್ತು, ಈ ಕಾಶವ್ವಗೆ ಸೊಸೆಯ ಓದು ಸೇರುವುದಿಲ್ಲವೆಂದು. ಇದನ್ನು ಮೊದಲೇ ಹೇಳಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹಿಂದಿನ ವರ್ಷ ಅವಳ ಸಣ್ಣ ಮಗನಿಗೆ ವಿಷಮಜ್ವರ ಬಂದು ಅವಳ ಪ್ರಬಂಧ ನಿಂತುಹೋಗಿತ್ತು. ಕಾಲೇಜಿನವರು ಇನ್ನೊಂದು ಸಲ, ಒಂದೇ ಸಲ, ಅಂದಿದ್ದರು. ಈ ಮಳೆಗಾಲ ಹಿಡಿಯುವುದರೊಳಗೆ ಒಪ್ಪಿಸದಿದ್ದರೆ ಅವಳ ಹೆಸರು ತೆಗೆದುಹಾಕುತ್ತಾರೆ. ಅಷ್ಟು ದಿನದ ಓದು ನೀರುಪಾಲು.

ಅವಳೂ ಸೇರಿ ನಾಲ್ವರು ನಾಲ್ಕು ಕಡೆ ಹಂಚಿಕೊಂಡಿದ್ದರು. ಒಬ್ಬನಿಗೆ ಇಂಡಿ, ಒಬ್ಬಳಿಗೆ ಮುದ್ದೇಬಿಹಾಳ, ಒಬ್ಬಳಿಗೆ ಬಸವನ ಬಾಗೇವಾಡಿ. ದಾನಮ್ಮ ಸಿಂದಗಿ ಕಡೆಯದನ್ನು ಹಿಡಿದಳು, ಅದರಲ್ಲೂ ನಮ್ಮದೇ ಊರು. ನಮ್ಮ ಊರು ಈಗ ಕಾಗದದಲ್ಲಿ ಆಲಮೇಲ ತಾಲೂಕು, ಬಾಯಲ್ಲಿ ಇನ್ನೂ ಸಿಂದಗಿಯೇ. ನಲವತ್ತು ಮನೆಯ ಕುಡಿಯುವ ನೀರು ತಪಾಸಣೆ ಮಾಡಬೇಕು, ಅದೇ ಮನೆಯ ಮಕ್ಕಳ ಹಲ್ಲು ನೋಡಬೇಕು, ಎರಡನ್ನೂ ಕೂಡಿಸಿ ಬರೆಯಬೇಕು. ಹಲ್ಲು ಯಾಕೆಂದರೆ ನನ್ನ ಮೊಮ್ಮಗಳು ಭಾಗ್ಯಳಿಗೆ ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲಿನ ಮೇಲೆ ಕಂದು ಗೆರೆ ಇದ್ದವು. ತಿಕ್ಕುವುದಿಲ್ಲ, ಮೈಗಳ್ಳಿ, ಎಂದು ನಾನು ಬೈದಿದ್ದೆ. ಇದ್ದಿಲು ಹಾಕಿ ತಿಕ್ಕಿಸಿದ್ದೂ ಉಂಟು. ಹುಡುಗಿಯ ವಸಡಿನಲ್ಲಿ ರಕ್ತ ಬಂತು, ಗೆರೆ ಹೋಗಲಿಲ್ಲ.

"ಅದು ತಿಕ್ಕಿದ್ರ ಹೋಗೂದಲ್ರಿ ಅತ್ತಿ. ನೀರಿನ್ಯಾಗಿಂದ ಬಂದದ್ದು. ಫ್ಲೋರೈಡ್ ಅಂತ, ಕಣ್ಣಿಗೂ ಕಾಣ್ಸಂಗಿಲ್ಲ, ನಾಲಿಗಿಗೂ ಹತ್ತಂಗಿಲ್ಲ."

"ಕಾಣ್ಸಂಗಿಲ್ಲ, ಹತ್ತಂಗಿಲ್ಲ, ಮತ್ತ ಐತಿ ಅಂತ ಯಾರ ಹೇಳಿದ್ರು?"

"ಅದಕ್ಕ ಬಾಟ್ಲಿ ಬೇಕ್ರಿ."

ಬಾಟಲಿ ತೊಳೆದು ಒಣಗಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಮನೆಯ ಹೆಸರು ಬರೆದಳು. ತಪಾಸಣೆ ಕೇಂದ್ರದಲ್ಲಿ ಅವಳಿಗೊಂದು ದಿನ ಗೊತ್ತುಮಾಡಿದ್ದರು. ಆ ದಿನ ಬೆಳಿಗ್ಗೆ ತುಂಬಿ ಆ ದಿನವೇ ತಲುಪಿಸಬೇಕು. ಅದೇ ದಿನಕ್ಕೆ ಕಾಲೇಜಿನಿಂದ ಮೌಖಿಕ ಪರೀಕ್ಷೆಗೆ ಕರೆ ಬಂತು. ಬೆಳಗಿನ ಬಸ್ಸಿಗೆ ಹೋಗದೆ ದಾರಿಯಿಲ್ಲ. ಸಂಗಪ್ಪ ಕಬ್ಬಿನ ಗಾಡಿಯ ಮೇಲೆ ಇಂಡಿಯ ಕಡೆ ಹೋದವನು ಬಂದಿರಲಿಲ್ಲ. ಉಳಿದವಳು ನಾನು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳಾದರೂ ಅಕ್ಷರ ಕೂಡಿಸಿ ಹೆಸರು ಓದುತ್ತೇನೆ, ಅಂಕಿ ಬರುತ್ತವೆ. ದಾನಮ್ಮ ಬುಟ್ಟಿಯಲ್ಲಿ ಬಾಟಲಿ ಜೋಡಿಸಿಕೊಟ್ಟು ಹೇಳಿದಳು:

"ಅತ್ತಿ, ಅವರು ದಿನಾ ಕುಡ್ಯೂ ನೀರ ಎಲ್ಲಿಂದ ತರ್ತಾರೋ ಅಲ್ಲಿಂದನ ತುಂಬ್ರಿ. ನಳ ಒಂದೀಟ ಹೊತ್ತ ಬಿಟ್ಟು, ನೇರ ಬಾಟ್ಲಿಗೆ. ಸೋಸಬ್ಯಾಡ್ರಿ. ಏನೂ ಮಾಡಬ್ಯಾಡ್ರಿ. ಹೆಂಗ ಐತಿ ಹಂಗ."

"ನೀರ ತುಂಬೂದ ನನಗ ಕಲಸಾಕ ಬಂದೀಯೇನ? ಹೋಗು, ಬಸ್ಸ ತಪ್ಪತೇತಿ."

ನಮ್ಮ ಓಣಿಗೆ ಮೂರು ನೀರು. ಪಂಚಾಯತಿಯ ಬೋರಿನದು ಸವಳು, ಬೇಳೆ ಬೇಯುವುದಿಲ್ಲ. ನೀಲವ್ವನ ಬೋರಿನದು ಸೀ ನೀರು, ಅರ್ಧ ಓಣಿ ಅದನ್ನೇ ಕುಡಿಯುತ್ತಿತ್ತು. ಮೂರನೆಯದು ಅಗಸಿಯ ಹತ್ತಿರದ ಫಿಲ್ಟರ್ ನೀರು. ಅದನ್ನು ಕ್ಯಾನಿನಲ್ಲಿ ತಂದಿಟ್ಟು ಬೀಗರು ಬಂದರೆ, ಸಾಲಿ ಮಾಸ್ತರರು ಬಂದರೆ ಕೊಡುತ್ತಿದ್ದರು. ಮನೆಮಂದಿ ಅದನ್ನು ಮುಟ್ಟುತ್ತಿರಲಿಲ್ಲ.

ಮೊದಲು ಹೋದದ್ದೇ ನೀಲವ್ವನ ಮನೆಗೆ. ಅವಳು ನನ್ನ ವಾರಗೆಯವಳು, ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಬಾಟಲಿ ತಿರುಗಿಸಿ ಚೀಟಿ ನೋಡಿದಳು.

"ಇದ್ರ ಮ್ಯಾಲ ಏನ ಬರದಾಳ?"

"ನಿಮ್ಮ ಮನಿ ಹೆಸರ."

"ಹೆಸರ? ನಮ್ಮ ಮನಿ ಹೆಸರ ಹೊತ್ತ ನೀರ ವಿಜಯಪುರಕ್ಕ ಹೊಕ್ಕೇತಿ?"

"ಹೊಕ್ಕೇತಿ. ದೊಡ್ಡ ದೊಡ್ಡ ಮಂದಿ ನೋಡ್ತಾರಂತ."

"ಹಂಗಾದ್ರ ನಳದ ನೀರ ಹೆಂಗ ಕಳಸ್ಲಿ ಕಾಶವ್ವ? ಮನಿಗಿ ಬಂದವರಿಗೇ ಕೊಡಂಗಿಲ್ಲ, ಮಂದಿ ಮುಂದ ಇಡ್ಲೇನ?" ಅನ್ನುತ್ತ ಒಳಗೆ ಹೋದಳು. ಫಿಲ್ಟರ್ ಕ್ಯಾನು ಬಗ್ಗಿಸಿ, ಅದನ್ನೂ ಬಿಳಿ ಅರಿವೆಯಲ್ಲಿ ಸೋಸಿ, ಬಾಟಲಿ ತುಂಬಿ, ಹೊರಗಿನ ಮೈಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ನೀರಿನ ತಂಬಿಗೆ ನೋಡಿ ಮನೆಯ ಹೆಂಗಸನ್ನು ಅಳೆಯುತ್ತಾರೆ. ತಳದಲ್ಲಿ ಒಂದು ಕಸ ಕಂಡರೆ ಮೂರು ಊರಿಗೆ ಸುದ್ದಿ. ನೀಲವ್ವ ಮಾಡಿದ್ದು ನನಗೆ ಸರಿಯಾಗಿಯೇ ಕಂಡಿತು. ಎರಡನೇ ಮನೆಯವಳೂ ಹಾಗೇ ಮಾಡಿದಳು. ಮೂರನೆಯದು ನಮ್ಮದೇ ಮನೆ, ಅದನ್ನು ನಾನೇ ತುಂಬಿದೆ, ಕ್ಯಾನಿನದೇ. ಹತ್ತು ಮನೆ ದಾಟುವುದರೊಳಗೆ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಹೆಂಗಸರು ತುಂಬಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕ್ಯಾನು ಇಲ್ಲದ ಮನೆಯವರು ಮುಖ ಸಣ್ಣದು ಮಾಡಿದರು. ಅವರಿಗೆ ನೀಲವ್ವನ ಕ್ಯಾನಿನಿಂದ ನಾನೇ ಹಾಕಿಕೊಟ್ಟೆ. ಬಡವರ ಮರ್ಯಾದೆ ಯಾಕೆ ಹೋಗಬೇಕು?

ಹನ್ನೊಂದರ ಬಸ್ಸಿನ ಕಂಡಕ್ಟರನಿಗೆ ಪೆಟ್ಟಿಗೆ ಒಪ್ಪಿಸುವಾಗ ನಲವತ್ತು ಬಾಟಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನನಗೆ ಹೆಮ್ಮೆಯಾಗಿತ್ತು. ಅವಳು ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡಳು. ಸಂಜೆ ಬಂದು "ಎಲ್ಲಾ ಬರೋಬರಿ ಆತ್ರಿ?" ಅಂದಳು. "ಬರೋಬರಿ," ಅಂದೆ.

ಆಮೇಲೆ ಬಿಸಿಲು ಏರಿತು. ಎರೆ ನೆಲ ಬಾಯಿಬಿಟ್ಟಿತು, ಕೋಳಿಗಳು ಮಧ್ಯಾಹ್ನ ಬಚ್ಚಲ ಬಿಟ್ಟು ಏಳಲಿಲ್ಲ. ದಾನಮ್ಮ ಮಕ್ಕಳ ಹಲ್ಲು ನೋಡುತ್ತ ಓಣಿ ಓಣಿ ತಿರುಗಿದಳು. ಸಣ್ಣ ಕನ್ನಡಿ ಹಿಡಿದು "ಆ ಅನ್ನು" ಅನ್ನುವಳು. ನಮ್ಮ ಓಣಿಯ ದುಂಡಪ್ಪಜ್ಜ ತಾನೂ ಬಾಯಿ ತೆರೆದು ನಿಂತ, ಒಳಗೆ ಒಂದೂ ಹಲ್ಲಿರಲಿಲ್ಲ. "ನಂದೂ ಬರಕೋ ತಂಗಿ, ಹಲ್ಲ ಸ್ವಚ್ಛ ಅದಾವು" ಅಂದ. ಅವಳು ನಕ್ಕದ್ದು ಅದೇ ಕಡೆಯ ಸಲ.

ತಪಾಸಣೆಯ ಕಾಗದ ಬಂದ ಗುರುವಾರ ಅವಳು ಬಸ್ಸಿಳಿದು ಬಂದವಳು ಚಪ್ಪಲಿ ಬಿಡದೆ ಪಡಸಾಲೆಯಲ್ಲಿ ಕೂತಳು. ನೀರು ಕೊಟ್ಟೆ, ಮುಟ್ಟಲಿಲ್ಲ. ಸಂಗಪ್ಪ ಕೇಳಿದ ಮೇಲೆ ಬಾಯಿಬಿಟ್ಟಳು.

"ನಲವತ್ತೂ ಒಂದ ಥರ ಬಂದಾವ. ಒಂದರಾಗೂ ಏನಿಲ್ಲ. ಮಕ್ಕಳ ಹಲ್ಲ ನೋಡಿದ್ರ ಒಂದ ಹೇಳ್ತಾವ, ನೀರ ನೋಡಿದ್ರ ಒಂದ ಹೇಳ್ತೇತಿ. ಮೇಡಂ ಏನಂದ್ರ ಗೊತ್ತೇನ್ರಿ? ಊರೆಲ್ಲಾ ತಿರಗೂದ ತ್ರಾಸ ಅಂತ ಮನ್ಯಾಗ ಕೂತ ಒಂದ ನಳದಾಗ ನಲವತ್ತ ತುಂಬೀಯೇನ ಅಂದ್ರು. ಎಲ್ಲಾರ ಮುಂದ."

ಅವಳಿಗೆ ಕಲಿಸುವ ಮೇಡಂ ಕಟ್ಟುನಿಟ್ಟಿನವರಂತೆ. ತಪಾಸಣೆ ಕೇಂದ್ರದಲ್ಲಿ ಬರುವ ಸೋಮವಾರ ಇನ್ನೊಂದು ಪಾಳಿ ಸಿಗುತ್ತದೆ, ಅದೇ ಕಡೆಯದು. ಆದರೆ ಮೊದಲಿನದು ಯಾಕೆ ಹಾಗಾಯಿತೆಂದು ಕಾರಣ ಕೊಡಬೇಕು. ಕಾರಣವಿಲ್ಲದಿದ್ದರೆ ಎರಡನೆಯದನ್ನು ಯಾರು ನಂಬುತ್ತಾರೆ, ಪ್ರಬಂಧ ತೆಗೆದುಕೊಳ್ಳುವುದಿಲ್ಲ ಅಂದಿದ್ದಾರಂತೆ.

ದಾನಮ್ಮ ನನ್ನ ಕಡೆ ತಿರುಗಿದಳು. "ಅತ್ತಿ, ನೀವ ಬೋರಿನ ನಳದಾಗ ತುಂಬಿದ್ರಲ್ರಿ?"

"ಹೂಂ," ಅಂದೆ.

ಯಾಕೆ ಹಾಗಂದೆನೋ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ನುಂಗಲು ಬರುತ್ತದೆಯೇ?

ಶುಕ್ರವಾರ ಪೂರ್ತಿ ಅವಳು ತನ್ನ ತಪ್ಪನ್ನೇ ಹುಡುಕಿದಳು. ಬಾಟಲಿ ತೊಳೆದದ್ದು ತಪ್ಪಾಯಿತೇ, ಬಿಸಿಲಿಗೆ ಇಟ್ಟದ್ದು ತಪ್ಪಾಯಿತೇ, ಬರೆದುಕೊಂಡ ನೋಟ್‌ಬುಕ್ಕನ್ನು ಮೊದಲಿಂದ ಕಡೆಯವರೆಗೆ, ಕಡೆಯಿಂದ ಮೊದಲವರೆಗೆ. ಸಂಗಪ್ಪ ಅಂದ, "ಸಾಕ ಬಿಡು ದಾನಿ. ಆಗಂಗಿಲ್ಲ ಅಂದ್ರ ಆಗಂಗಿಲ್ಲ. ಮಕ್ಕಳ ಕಡೆ ನೋಡು." ನಾನು ವರ್ಷವಿಡೀ ಹೇಳಿದ ಮಾತು ಅದು. ಈಗ ಮಗನ ಬಾಯಲ್ಲಿ ಬಂದಿತ್ತು. ನಾನು ಸುಮ್ಮನಿದ್ದರೆ ಸಾಕು, ಸೋಮವಾರ ದಾಟುತ್ತದೆ, ಓದು ತಾನೇ ನಿಲ್ಲುತ್ತದೆ. ಬೇಡಿದ್ದು ತಾಟಿಗೆ ಬಂದು ಬಿದ್ದಿತ್ತು. ಆದರೆ ಅವತ್ತು ನನ್ನ ಪಾಲಿನ ರೊಟ್ಟಿಯನ್ನು ದನಕ್ಕೆ ಹಾಕಿದೆ. ಪ್ರೀತಿ ಉಕ್ಕಿತು ಎಂದು ಯಾರೂ ತಿಳಿಯಬಾರದು. ನಾನು ಮಾಡಿದ್ದಕ್ಕೆ ಇನ್ನೊಬ್ಬಳನ್ನು ಕಳ್ಳಿ ಅನ್ನುವುದು ನನಗೆ ಆಗುವುದಿಲ್ಲ. ಅಷ್ಟೇ.

ಅಂಜಿಕೆಯೂ ಇತ್ತು. ಹೇಳಿದರೆ ಯಾರು ನಂಬುತ್ತಾರೆ? ಬೇಕೆಂತಲೇ ಕೆಡಿಸಿದಳು ಮುದುಕಿ ಅನ್ನುತ್ತಾರೆ. ಅನ್ನಲು ಕಾರಣ ನಾನೇ ಊರ ತುಂಬ ಹಂಚಿದ್ದೆ.

ಶನಿವಾರ ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತಿದ್ದಾಗ ನಿಂತುಕೊಂಡೇ ಹೇಳಿದೆ. "ಅದು ಬೋರಿನ ನೀರಲ್ಲ. ಫಿಲ್ಟರಿಂದು. ಸೋಸಿ ತುಂಬೇವಿ. ನಲವತ್ತೂ."

ಹಿಟ್ಟಿನ ಕೈ ಹಾಗೇ ನಿಂತಿತು. ತವದ ಮೇಲಿನ ರೊಟ್ಟಿ ಸೀದು ಹೊಗೆಯಾಯಿತು. ಇಬ್ಬರೂ ತೆಗೆಯಲಿಲ್ಲ.

"ನನ್ನ ಓದ ನಿಲ್ಲಸಾಕ ಮಾಡಿದ್ರಿ," ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಲ್ಲಸೂದಿದ್ರ ಬಾಟ್ಲಿ ಒಡದ ಒಗೀತಿದ್ನಿ. ಸೋಸಾಕ ಯಾಕ ಹೋಗ್ತಿದ್ನಿ?"

"ನೇರ ತುಂಬ್ರಿ ಅಂತ ಹೇಳಿದ್ನಿಲ್ಲೋ?"

"ಮನಿ ಹೆಸರ ಬರದಿದ್ದಿ. ಹೆಸರಿಟ್ಟು ಹೊಲಸ ನೀರ ಯಾವ ಹೆಣ್ಣಮಗಳು ಕೊಡ್ತಾಳ? ನಾ ಮರತ್ನಿ, ಅವರೂ ಚೊಲೋದು ಕೊಟ್ರು."

"ಗುರುವಾರ ಕೇಳಿದಾಗ ಸುಳ್ಳ ಯಾಕ ಹೇಳಿದ್ರಿ?"

ನಾನು ಬಗ್ಗಿ ಒಲೆಯ ಕಟ್ಟಿಗೆ ಹಿಂದೆ ಎಳೆದೆ. ನಾನು ಮರೆತೆನೆಂಬುದನ್ನು ಅವಳು ನಂಬಲಿಲ್ಲ. ಕಣ್ಣಲ್ಲೇ ಕಂಡಿತು. ಆದರೆ ಅಳುತ್ತ ಕೂಡಲು ಅವಳಿಗೆ ಹೊತ್ತಿರಲಿಲ್ಲ. ಕೈ ತೊಳೆದು ಎದ್ದು ಹೊಸ ಬಾಟಲಿ ತರಲು ಸಿಂದಗಿಗೆ ಹೋದಳು. ಬರುವಾಗ ಮುಖ ಕಲ್ಲಾಗಿತ್ತು.

ರವಿವಾರ ಓಣಿಯಲ್ಲಿ ತಿರುಗಿದೆವು. ಒಬ್ಬಳೂ ಒಪ್ಪಲಿಲ್ಲ. ಮೊದಲ ಸಲ ಚೊಲೋ ಬಂತೆಂದರೆ ಅದೇ ಇರಲಿ, ಮತ್ತೆ ಕೆದಕುವುದು ಯಾಕೆ, ಎಂದರು. ನೀಲವ್ವ ಬಾಗಿಲಿಗೆ ಅಡ್ಡ ನಿಂತಳು.

"ಕೆಟ್ಟ ನೀರಿನ ಊರಂತ ಪೇಪರಿನ್ಯಾಗ ಬಂದ್ರ ನಮ್ಮ ಹುಡುಗರಿಗಿ ಹೆಣ್ಣ ಯಾರ ಕೊಡ್ತಾರವ್ವ?"

"ನಿನ್ನ ಮಗನ ಹಲ್ಲ ನೋಡಿ ಮೂರ ಕಡೆ ಒಲ್ಲೆ ಅಂದ್ರಲ್ಲ, ಅದು ಯಾವ ಪೇಪರಿನ್ಯಾಗ ಬಂದಿತ್ತು?" ಅಂದೆ.

ಅನ್ನಬಾರದಿತ್ತು. ಅವಳ ಮುಖ ಇಳಿಯಿತು. ದಾನಮ್ಮ ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು. "ನೀವ ಸುಮ್ಮನಿರ್ರಿ ಅತ್ತಿ. ಕೆಡಸಿದ್ದು ಸಾಲಲಿಲ್ಲೇನ್ರಿ?"

ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತೆವು. ಬುಟ್ಟಿಯಲ್ಲಿ ನಲವತ್ತು ಬಾಟಲಿ, ನಲವತ್ತು ಹೆಸರು. ಮರುದಿನ ಬೆಳಗಾದರೆ ಬಸ್ಸು. ಅವಳು ಚೀಟಿಗಳನ್ನೇ ನೋಡುತ್ತಿದ್ದಳು, ಉಗುರಿನಿಂದ ಒಂದನ್ನು ಕೆರೆಯುತ್ತಿದ್ದಳು. ಆಗ ನನಗೆ ಹೊಳೆಯಿತು.

"ಹೆಸರ ತಗಿ," ಅಂದೆ.

"ಏನ್ರಿ?"

"ಹೆಸರ ಕಿತ್ತ ಒಗಿ. ಅಂಕಿ ಬರಿ. ಯಾರ ಮನಿಗಿ ಯಾವ ಅಂಕಿ ಅಂತ ನಿನ್ನ ಪುಸ್ತಕದಾಗ ಇರ್ಲಿ. ಹೆಸರ ಇಲ್ಲದ ನೀರಿಗಿ ಯಾರ ನಾಚತಾರ?"

ಅವಳು ನನ್ನ ಮುಖ ನೋಡಿದಳು. ಅಲ್ಲೇ ಕೂತು ಚೀಟಿ ಕೀಳತೊಡಗಿದಳು. ನಾನೂ ಕಿತ್ತೆ. ಕತ್ತಲಾಗುವುದರೊಳಗೆ ಎರಡನೇ ಸಲ ಮನೆಮನೆಗೆ ಹೋಗಿ ಬರೀ ಅಂಕಿ ಇದ್ದ ಬಾಟಲಿ ತೋರಿಸಿದೆವು. ಒಬ್ಬೊಬ್ಬರಾಗಿ ಹೂಂ ಅಂದರು. ನೀಲವ್ವನ ಮನೆಗೆ ನಾನು ಹೋಗಲಿಲ್ಲ, ದಾನಮ್ಮ ಒಬ್ಬಳೇ ಹೋದಳು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ, ಬಂದು "ಆತು" ಅಂದಳು.

ಸೋಮವಾರ ನಸುಕಿನಲ್ಲಿ ನಲವತ್ತೂ ಅವಳೇ ತುಂಬಿದಳು. ನಾನು ಬುಟ್ಟಿ ಹೊತ್ತು ಹಿಂದೆ ನಡೆದೆ. ಒಂದು ನಳಕ್ಕೂ ಕೈ ಹಾಕಗೊಡಲಿಲ್ಲ. ಬಸ್ಸಿಗೆ ನಾನೂ ಹತ್ತಿದೆ. ಕಾರಣ ಕೊಡಬೇಕೆಂದಿದ್ದರಲ್ಲ, ಕಾರಣ ನಾನೇ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಬೆಲ್ಲ, ನೀರು, ಬಿಳಿ ಅರಿವೆ ಎಲ್ಲ.

"ಸೊಸಿ ಹೇಳಿಕೊಟ್ಟು ಕರಕೊಂಡ ಬಂದಾಳೇನಮ್ಮ?" ಅಂದರು.

"ಮೇಡಂ, ನನಗ ಹೇಳಿಕೊಡೂ ಸೊಸಿ ಇನ್ನೂ ಹುಟ್ಟಿಲ್ರಿ. ಹೇಳಿದ್ದ ಕೇಳಾಕಿ ಆಗಿದ್ರ ಇಲ್ಲಿಗಿ ಬರೂ ಪಾಳಿನ ಬರ್ತಿದ್ದಿಲ್ಲ."

ಅವರ ತುಟಿ ಅಲುಗಿತು. ನಕ್ಕರೋ ಇಲ್ಲವೋ ಹೇಳಲಾರೆ. ಬರೆದುಕೊಡಿ ಅಂದರು. ಮೂರು ಸಾಲು ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಅವರು ಎರಡು ಸಲ ಚಹಾ ಕುಡಿದರು. ಮೊದಲ ಸಲ ತುಂಬಿದ್ದು ಫಿಲ್ಟರ್ ನೀರು, ತುಂಬಿದವಳು ನಾನು, ಸೊಸೆಗೆ ಗೊತ್ತಿರಲಿಲ್ಲ. ಕೆಳಗೆ ನನ್ನ ಹೆಸರು. ಮೇಡಂ ಕಾಗದವನ್ನು ಎರಡು ಸಲ ಓದಿ ಒಳಗಿಟ್ಟರು. "ಪೆಟ್ಟಿಗೆ ಕಳಸು ದಾನಮ್ಮ," ಅಂದರು.

ಈ ಸಲ ನಲವತ್ತೂ ಒಂದೇ ಥರ ಬರಲಿಲ್ಲ, ಯಾವ ಬೋರಿನದೋ ಅದರ ಹಾಗೆ ಬಂದವು. ಎಲ್ಲಕ್ಕಿಂತ ಕೆಟ್ಟದ್ದು ಯಾವುದು? ನೀಲವ್ವನ ಬೋರಿನ ಸೀ ನೀರು. ಸವಳೆಂದು ನಾವು ಮೂಗು ಮುರಿದ ಪಂಚಾಯತಿ ಬೋರು ಅದಕ್ಕಿಂತ ವಾಸಿ. ಬಾಯಿಗೆ ಸಿಹಿಯೆಂದು ವರ್ಷಾನುಗಟ್ಟಲೆ ನಾವೇ ಮಕ್ಕಳಿಗೆ ಕುಡಿಸಿದ್ದೆವು. ಪ್ರಬಂಧದಲ್ಲಿ ಹೆಸರಿರಲಿಲ್ಲ, ಅಂಕಿಯೇ ಇತ್ತು. ಆದರೆ ಆಮೇಲೆ ಪಂಚಾಯತಿಯವರು ಬಂದು ಆ ನಳಕ್ಕೆ ಕೆಂಪು ಬಣ್ಣ ಬಳಿದರು, ಕುಡಿಯಬೇಡಿ ಅಂದರು. ಬಣ್ಣಕ್ಕೆ ಅಂಕಿ ಬೇಕಿಲ್ಲ. ನೀಲವ್ವ ನನ್ನ ಸಂಗಡ ಮಾತು ಬಿಟ್ಟಳು. ಈಗಲೂ ಎದುರಿಗೆ ಸಿಕ್ಕರೆ ಸೆರಗು ಸರಿಮಾಡಿಕೊಂಡು ಹೋಗುತ್ತಾಳೆ. ಆದರೆ ಅವಳ ಮನೆಯವರೂ ಈಗ ಕುಡಿಯುವುದು ಕ್ಯಾನಿನ ನೀರು.

ಮಿರಗದ ಮೊದಲ ಮಳೆಗೆ ಎರೆ ನೆಲ ನೆನೆಯುವ ಹೊತ್ತಿಗೆ ದಾನಮ್ಮ ಪ್ರಬಂಧ ಒಪ್ಪಿಸಿ ಬಂದಳು. ಅಲ್ಲಿಯವರೆಗೂ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ರೊಟ್ಟಿ ಆತು, ದನ ಕಟ್ರಿ, ಭಾಗ್ಯ ಎಲ್ಲಿ. ಸಂಗಪ್ಪ ನಡುವೆ ಸಿಕ್ಕು ಒಣಗಿದ.

ಫಲಿತಾಂಶ ಬಂದದ್ದು ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ. ಫೋನಿನಲ್ಲಿ ನೋಡಿದಳು. ಪಾಸು. ಸಂಗಪ್ಪ ಪೇಢೆ ತರಲು ಓಡಿದ. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಅವಳು ಬಂದು ನನ್ನ ಎದುರಿಗೆ ಕೂತಳು. ಕಾಲಿಗೆ ಬೀಳಲು ಬಂದಳೆಂದು ಕಾಲು ಮುಂದೆ ಚಾಚಿದೆ. ಬೀಳಲಿಲ್ಲ.

"ಅತ್ತಿ, ಇನ್ನ ನಿಮ್ಮಿಂದ ಕೆಡೂದೂ ಏನಿಲ್ಲ, ಆಗೂದೂ ಏನಿಲ್ಲ. ಈಗ ಖರೇ ಹೇಳ್ರಿ. ಅವತ್ತ ನಾ ಹೇಳಿದ್ದ ಮರತಿದ್ರೇನು?"

ಹಿಟ್ಟು ಬಡಿಯುತ್ತ ಯೋಚನೆ ಮಾಡಿದೆ. ನೀಲವ್ವ ಕ್ಯಾನು ಬಗ್ಗಿಸಿದಾಗ ಇವಳ ಮಾತು ಕಿವಿಯಲ್ಲೇ ಇತ್ತು. ಸೋಸಬ್ಯಾಡ್ರಿ, ಹೆಂಗ ಐತಿ ಹಂಗ. ಕೇಳಿಸಿತ್ತು. ನಲವತ್ತು ಬಾಗಿಲಲ್ಲೂ ಕೇಳಿಸಿತ್ತು.

"ಮರತಿದ್ದಿಲ್ಲ," ಅಂದೆ.

"ಮತ್ತ?"

"ನೀರಿಂದು ನಿನಗಿಂತ ನನಗ ಹೆಚ್ಚ ಗೊತ್ತು ಅಂತ ತಿಳಕೊಂಡಿದ್ನಿ."

ಅವಳು ತವದ ಮೇಲಿನ ರೊಟ್ಟಿಯನ್ನು ತಾನೇ ತಿರುವಿ ಹಾಕಿದಳು.

"ಇದನ್ನ ಹೇಳಿದ್ದಿದ್ರ," ಅಂದಳು, "ನಾ ಅವತ್ತನ ನಂಬ್ತಿದ್ನಿ."